ದುಂಡಗಿದ್ದ ಓಲೆಗಳು

ಮಾನಪ್ಪ ಪತ್ತಾರನ ಎಡಗಿವಿಯ ಹಾಲೆ ಎರಡು ಸೀಳಾಗಿದೆ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ಹೊಲಿಗೆ ಹಾಕಲು ಸೂಜಿ ಹಿಡಿದು ನಿಂತಾಗ, ರಕ್ತ ನಿಲ್ಲಿಸಿದರೆ ಸಾಕು, ಸೀಳು ಹಾಗೇ ಇರಲಿ ಅಂದವನು ಅವನೇ. ಈ ಮನುಷ್ಯನ ತಲೆ ನೆಟ್ಟಗಿಲ್ಲ ಎಂದು ಡಾಕ್ಟರಿಗೆ ಅನಿಸಿತು. ಅನಿಸಿದ್ದರಲ್ಲಿ ತಪ್ಪೇನೂ ಇಲ್ಲ, ಆ ಕಿವಿ ಹರಿದದ್ದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

ಮಾನಪ್ಪ ಬಾಗಲಕೋಟೆ ಜಿಲ್ಲೆಯ ಅಮೀನಗಡದವನು. ಆ ಕಡೆ ಪತ್ತಾರರೆಂದರೆ ಅಕ್ಕಸಾಲಿಗರು, ‘ನಾಳೆ ಬರ್ರಿ’ ಅನ್ನುವುದರಲ್ಲಿ ಹೆಸರಾದವರು. ಮದುವೆಗೆಂದು ಮಾಡಲು ಕೊಟ್ಟ ತಾಳಿ ಮೊದಲ ಕೂಸಿನ ತೊಟ್ಟಿಲಿಗೆ ಬಂದು ಮುಟ್ಟಿದ ಕಥೆಗಳನ್ನು ಊರು ಹೇಳಿಕೊಂಡು ನಗುತ್ತಿತ್ತು. ಅಪ್ಪ ಕಾಳಪ್ಪನೂ ಅದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಅವನಿಗೆ ಒಂದು ವಿದ್ಯೆ ಇತ್ತು. ಸಂತೆಯಲ್ಲಿ ಎದುರು ಬಂದ ಹೆಂಗಸಿನ ಕಿವಿಯನ್ನು ಒಂದು ಸಲ ನೋಡಿದರೆ, ಇದು ಹುನಗುಂದದ ಇಂಥವನ ಕೈ, ಇದು ಇಳಕಲ್ಲಿನ ಇಂಥವನ ಕೈ ಎಂದು ಹೇಳಿಬಿಡುತ್ತಿದ್ದ. ಬೆಸುಗೆ ಎಲ್ಲಿ ಹಾಕಿದ್ದಾನೆ, ಕೊಂಡಿಯನ್ನು ಎಷ್ಟು ಮಡಚಿದ್ದಾನೆ, ಗುಂಡನ್ನು ಎಡಕ್ಕಿಟ್ಟನೋ ಬಲಕ್ಕಿಟ್ಟನೋ, ಇದೆಲ್ಲ ಕೈಬರಹ ಇದ್ದಹಾಗೆ. ಅಡಗಿಸಲು ಬರುವುದಿಲ್ಲ. ಆ ವಿದ್ಯೆ ಮಗನಿಗೂ ಬಂತು. ಮಗನಿಗೆ ಹದಿನಾಲ್ಕು ತುಂಬಿದ ವರ್ಷ ಕಾಳಪ್ಪ ತಾನೇ ಒಂದು ಚಿನ್ನದ ಒಂಟಿ, ಗಂಡಸರು ಹಾಕುವ ಕಿವಿಯ ಬಳೆ, ಮಾಡಿ ಅವನ ಎಡಗಿವಿಗೆ ಹಾಕಿದ. ದುಂಡಗೆ, ಕೊಂಡಿ ಎಲ್ಲಿದೆಯೆಂದು ಹುಡುಕಬೇಕು, ಅಷ್ಟು ನಯ. ನಲವತ್ತು ವರ್ಷ ಅದು ಆ ಕಿವಿಯಿಂದ ಇಳಿಯಲಿಲ್ಲ.

ಅಬುಧಾಬಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಹಮ್ದಾನ್ ಸ್ಟ್ರೀಟಿಗೂ ಎಲೆಕ್ಟ್ರಾ ಸ್ಟ್ರೀಟಿಗೂ ನಡುವಿನ ಓಣಿಯೊಂದರಲ್ಲಿ, ಎರಡನೆಯ ಮಹಡಿಯ ಮೇಲೆ, ಕಬ್ಬಿಣದ ಬಾಗಿಲಿನ ಹಿಂದೆ ಎರಡು ಕೋಣೆಯ ಒಂದು ಅಂಗಡಿ, ಅಲ್ಲಿ ಅವನಿಗೆ ಪರೀಕ್ಷಕನ ಕೆಲಸ. ಹಳೆಯ ಒಡವೆ ಚೀಲಗಟ್ಟಲೆ ಬರುತ್ತದೆ. ಮೊದಲ ಕೋಣೆಯಲ್ಲಿ ಮಾನಪ್ಪ ಅದನ್ನು ತೊಳೆದು, ಕಲ್ಲು ಮಣಿ ಬಿಡಿಸಿ, ಎಷ್ಟು ಕ್ಯಾರೆಟ್ ಎಂದು ಪರೀಕ್ಷಿಸಿ, ಕತ್ತರಿಯಿಂದ ತುಂಡು ಮಾಡಿ ಮೂಸೆಗೆ ಹಾಕುತ್ತಾನೆ. ಎರಡನೆಯ ಕೋಣೆಯಲ್ಲಿ ಇದ್ರೀಸ್ ಅದನ್ನು ಕುಲುಮೆಗಿಟ್ಟು ಕರಗಿಸಿ ಗಟ್ಟಿ ಹೊಯ್ಯುತ್ತಾನೆ. ಗಟ್ಟಿ ದುಬೈಗೆ ಹೋಗುತ್ತದೆ, ಅಲ್ಲಿಂದ ಜಗತ್ತಿಗೆ. ಪರೀಕ್ಷೆಗೆ ಯಂತ್ರವಿದೆ, ಅರ್ಧ ನಿಮಿಷದಲ್ಲಿ ಅಂಕಿ ತೋರಿಸುತ್ತದೆ. ಆದರೂ ಯಾರೂ ನೋಡದಾಗ ಮಾನಪ್ಪ ಅಪ್ಪನ ಒರೆಗಲ್ಲಿಗೆ ಒಂದು ಗೆರೆ ಎಳೆದು ನೋಡುತ್ತಿದ್ದ. ಯಂತ್ರ ಸುಳ್ಳು ಹೇಳುತ್ತದೆಂದಲ್ಲ. ಅಭ್ಯಾಸ.

ಇನ್ನೊಂದು ಕೆಲಸವೂ ಅವನದೇ ಆಗಿತ್ತು. ಯುದ್ಧದ ನಾಡಿನ ಚಿನ್ನ ನಮಗೆ ಬೇಡ ಎಂದು ದೊಡ್ಡ ದೊಡ್ಡ ದೇಶದವರು ದೊಡ್ಡ ದೊಡ್ಡ ಹೋಟೆಲಿನಲ್ಲಿ ಕೂತು ನಿಯಮ ಮಾಡಿದ್ದರು. ಒಳ್ಳೆಯ ನಿಯಮ. ಅದು ಕೈಯಿಂದ ಕೈಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಈ ಓಣಿಗೆ ಬರುವ ಹೊತ್ತಿಗೆ ಒಂದು ಹಾಳೆ ಕಾಗದವಾಗಿತ್ತು. ‘ಈ ಚಿನ್ನ ಇಲ್ಲಿಯ ಮನೆಗಳವರು ಸ್ವಂತ ಇಚ್ಛೆಯಿಂದ ಮಾರಿದ ಹಳೆಯ ಒಡವೆ’ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಪರೀಕ್ಷಕನ ಸಹಿಗೆ ಜಾಗ. ವರ್ಷಕ್ಕೊಮ್ಮೆ ತಪಾಸಣೆಗೆ ಸೂಟು ಹಾಕಿದ ಒಬ್ಬ ಬಿಳಿಯ ಬರುತ್ತಿದ್ದ. ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ನೋಡುತ್ತಿದ್ದ, ಕಾಗದಗಳನ್ನು ಎಣಿಸುತ್ತಿದ್ದ, ನೀನು ಸಹಿ ಹಾಕುವುದು ಏನೆಂದು ನಿನಗೆ ಗೊತ್ತೇ ಎಂದು ಮಾನಪ್ಪನನ್ನು ಕೇಳುತ್ತಿದ್ದ. ಎಸ್ ಸರ್ ಅನ್ನುತ್ತಿದ್ದ ಮಾನಪ್ಪ. ಚೀಲವನ್ನು ಒಂದು ಸಲವೂ ಬಿಚ್ಚಿ ನೋಡದೆ ಅವನು ಚಹಾ ಕುಡಿದು ಹೋಗುತ್ತಿದ್ದ.

ಮಗಳು ನಿವೇದಿತಾ ಹನ್ನೆರಡನೆಯ ತರಗತಿ. ಅವಳ ಶಾಲೆಯಲ್ಲಿ ಮಕ್ಕಳು ದೇಶದ ಹೆಸರಿನ ಫಲಕ ಮುಂದಿಟ್ಟುಕೊಂಡು ವಿಶ್ವಸಂಸ್ಥೆಯ ಆಟ ಆಡುತ್ತಾರೆ. ಆ ವರ್ಷದ ವಿಷಯವೇ ಯುದ್ಧದ ಚಿನ್ನ. ಪಪ್ಪನ ಕೆಲಸ ಅದೇ ಅಲ್ಲವೇ ಎಂದು ಅವಳು ಬಂದು ಕೇಳಿದಳು, “ಬಟ್ ಪಪ್ಪಾ, ಹೌ ಡು ಯು ನೋ?” ಮಾನಪ್ಪ ಹೆಮ್ಮೆಯಿಂದ ಆ ಕಾಗದದ ವಿಷಯ ಹೇಳಿಕೊಟ್ಟ. ಅವಳು ಅದನ್ನೇ ಭಾಷಣ ಮಾಡಿ ಒಂದು ಕಪ್ಪು ಗೆದ್ದು ತಂದಳು. ಎಲೆಕ್ಟ್ರಾ ಸ್ಟ್ರೀಟಿನ ಅವರ ಒಂದೇ ಕೋಣೆಯ ಮನೆಯಲ್ಲಿ ಆ ಕಪ್ಪು ಫ್ರಿಜ್ಜಿನ ಮೇಲೆ ಕೂತಿತು.

ಇದ್ರೀಸ್ ಸುಡಾನಿನ ಪಶ್ಚಿಮ ದಿಕ್ಕಿನ ಒಂದು ಊರಿನವನು, ನಲವತ್ತರ ಆಸುಪಾಸು. ಎಂಟು ವರ್ಷದಿಂದ ಇಬ್ಬರದೂ ಒಂದೇ ಊಟದ ಡಬ್ಬಿ. ಮಾನಪ್ಪನ ಹೆಂಡತಿ ನೀಲವ್ವ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟುತ್ತಿದ್ದಳು. ಶೇಂಗಾ ಚಟ್ನಿ ತಿಂದು ಇದ್ರೀಸ್ ಕಣ್ಣೀರು ಒರೆಸಿಕೊಂಡು ಇನ್ನೂ ಬೇಕೆನ್ನುತ್ತಿದ್ದ. ಅರ್ಧ ಹಿಂದಿ, ಕಾಲುಭಾಗ ಅರಬ್ಬಿ, ಮಿಕ್ಕದ್ದು ಕೈಸನ್ನೆ, ಹೀಗೆ ಅವರ ಮಾತು ನಡೆಯುತ್ತಿತ್ತು. ಊರಲ್ಲಿ ಅವನ ತಾಯಿ ಮತ್ತು ಇಬ್ಬರು ತಂಗಿಯರು. ಯುದ್ಧ ಊರ ಬಾಗಿಲಿಗೆ ಬಂದ ಮೇಲೆ ಫೋನು ಸತ್ತುಹೋಗಿತ್ತು. ಐದು ತಿಂಗಳಾಯಿತು. ಆದರೂ ಊಟಕ್ಕೆ ಕೂರುವ ಮೊದಲು ದಿನಾ ಒಂದು ಸಲ ಆ ನಂಬರು ಒತ್ತುತ್ತಿದ್ದ, ಕಿವಿಗಿಟ್ಟುಕೊಳ್ಳುತ್ತಿದ್ದ, ಮಾಫಿ, ಇಲ್ಲ, ಎಂದು ಜೇಬಿಗೆ ಹಾಕುತ್ತಿದ್ದ. ಆಮೇಲೆ ರೊಟ್ಟಿ ಮುರಿಯುತ್ತಿದ್ದ.

ಆ ಚೀಲಗಳು ಬರಲು ಶುರುವಾದದ್ದು ಡಿಸೆಂಬರಿನಲ್ಲಿ. ತರುವವನು ಅತ್ತರು ಹಚ್ಚಿಕೊಂಡ, ಮಾತಾಡದ ಒಬ್ಬ. ಮೊದಲ ಚೀಲ ಸುರಿದಾಗಲೇ ಮಾನಪ್ಪನ ಕೈ ನಿಂತಿತು. ಎಲ್ಲವೂ ಓಲೆ. ದೊಡ್ಡ ಬಳೆಯಂಥ ಓಲೆ, ಒಂದೊಂದಕ್ಕೂ ಪೋಣಿಸಿದ ನೀಲಿ ಗಾಜಿನ ಮಣಿ, ಕೊಂಡಿಯ ಮೇಲೆ ಜೋಳದ ಕಾಳಿನಷ್ಟು ಒಂದು ಗುಂಡು. ಆ ಗುಂಡನ್ನು ಬೆಸೆದ ರೀತಿ ನೋಡಿದರೆ ಸಾಕು, ಇದು ಒಬ್ಬನೇ ಮನುಷ್ಯನ ಕೈ. ನೂರಾರು ಓಲೆ, ಒಂದೇ ಕೈ. ಯಾವ ನಾಡಿನವನೋ ಏನೋ, ಕಾಳಪ್ಪನ ಸರಿಸಮಾನದ ಕೆಲಸಗಾರ.

ಮಾನಪ್ಪ ಬೆರಗಾದ. ನಿಜಕ್ಕೂ ಖುಷಿಪಟ್ಟ. ಅದೇ ಅವನ ತಪ್ಪು, ಪತ್ತಾರ ಮಾತ್ರ ಮಾಡಬಲ್ಲ ತಪ್ಪು. ಬೇರೆ ಯಾರಾದರೂ ಆಗಿದ್ದರೆ ಇಷ್ಟೊಂದು ಓಲೆ ಒಟ್ಟಿಗೆ ಎಲ್ಲಿಂದ ಬಂತು ಎಂದು ಕೇಳುತ್ತಿದ್ದರು. ಇವನು ಬೆಸುಗೆ ನೋಡುತ್ತ ಕೂತ. ಓಲೆಗಳು ಪೂರ್ತಿ ದುಂಡಗಿರಲಿಲ್ಲ, ಕೆಳಗೆ ಜಗ್ಗಿದಂತೆ, ಬೇವಿನಕಾಯಿಯ ಹಾಗೆ ಉದ್ದಕ್ಕಿದ್ದವು. ಕೆಲವು ಹೆಚ್ಚು, ಕೆಲವು ಕಡಿಮೆ. ಕೈಕೆಲಸವೆಂದ ಮೇಲೆ ಅಷ್ಟು ಹೆಚ್ಚುಕಮ್ಮಿ ಇದ್ದದ್ದೇ ಎಂದುಕೊಂಡ. ಅದು ಆ ಕಡೆಯ ಮಾದರಿಯೆಂದೂ, ಉದ್ದ ಕತ್ತಿನ ಹೆಂಗಸರಿಗೆ ಒಪ್ಪುತ್ತದೆಂದೂ ತನಗೆ ತಾನೇ ಹೇಳಿಕೊಂಡ. ಅಪ್ಪನ ಪದ್ಧತಿಯಂತೆ ಅಂಟುವಾಳದ ನೀರಿನಲ್ಲಿ ತೊಳೆದ. ನೀರು ಕಂದಾಯಿತು. ಮರಳುಗಾಡಿನ ದಾರಿಯ ಧೂಳು ಎಂದುಕೊಂಡು ಬಚ್ಚಲಿಗೆ ಚೆಲ್ಲಿದ. ಇನ್ನೊಂದು ಸಲ ತೊಳೆದ. ಮತ್ತೆ ಕಂದು.

ಆಮೇಲೆ ಕತ್ತರಿಸಿದ. ಗಾಜು ಮೂಸೆಗೆ ಬಿದ್ದರೆ ಚಿನ್ನ ಕೆಡುತ್ತದೆ, ಅದಕ್ಕೇ ಮಣಿಗಳನ್ನು ಬಿಡಿಸಿ ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಹಾಕಿಟ್ಟ. ತುಂಡುಗಳಷ್ಟೇ ಇದ್ರೀಸನ ಕೋಣೆಗೆ ಹೋದವು. ಇದ್ರೀಸ್ ಕಂಡದ್ದು ಆ ತುಂಡುಗಳನ್ನು ಮಾತ್ರ. ಕಾಗದ ಬಂತು, ಮಾನಪ್ಪ ಸಹಿ ಹಾಕಿದ. ಜನವರಿಯಲ್ಲಿ ಎರಡು ಚೀಲ ಬಂದವು, ಅವಕ್ಕೂ ಹಾಗೇ ಆಯಿತು.

ಫೆಬ್ರವರಿಯಲ್ಲಿ, ಕೆಲಸವಿಲ್ಲದ ಒಂದು ಶುಕ್ರವಾರ, ಮನೆಯಲ್ಲಿ ಕೂತು ಹಿತ್ತಾಳೆಯ ತಂತಿಯಲ್ಲಿ ಆ ಓಲೆಯ ತದ್ರೂಪು ಒಂದು ಜೊತೆ ಮಾಡಿದ. ಆ ಅಪರಿಚಿತ ಕೆಲಸಗಾರನಿಗೆ ಸಲ್ಲಿಸಿದ ನಮಸ್ಕಾರ ಎಂದರೂ ನಡೆಯುತ್ತದೆ. ಡಬ್ಬಿಯಿಂದ ಎರಡು ನೀಲಿ ಮಣಿ ತಂದಿದ್ದ, ಅವನ್ನೂ ಪೋಣಿಸಿದ. ಹೆಂಡತಿಯ ಕಿವಿಗೆ ತಾನೇ ಹಾಕಿದ. ನೀಲವ್ವ ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ ನೋಡಿ ಮುಖ ಕಿವಿಚಿದಳು.

“ಇವು ಕಿವ್ಯಾಗ ಕೂಡಂಗಿಲ್ರಿ. ಒಂದ ಕಡೆ ಜಗ್ಗತಾವ, ನೋಯತೈತಿ. ಇಂಥಾ ಓಲಿ ಯಾವ ಹೆಂಗಸು ಹಾಕ್ಕೋತಾಳ?” ಅಂದಳು.

ಮಾನಪ್ಪನಿಗೆ ಸಿಟ್ಟು ಬಂತು. ಇವಳಿಗೇನು ಗೊತ್ತು ಕೆಲಸದ ಮರ್ಮ. ಆ ಕಡೆಯ ಹೆಂಗಸರು ಹಾಕಿಕೊಳ್ಳುವ ರೀತಿಯೇ ಬೇರೆ ಇರಬೇಕು, ಇದ್ರೀಸನನ್ನು ಕೇಳಿದರಾಯಿತು ಎಂದು ಓಲೆ ಬಿಚ್ಚಿಸಿ ಜೇಬಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ನಾಲ್ಕನೆಯ ಚೀಲ ಬಂದು ಮೇಜಿನ ಮೇಲೆ ಕೂತಿತ್ತು. ಇದ್ರೀಸನ ಕುಲುಮೆಯಲ್ಲಿ ಬೇರೆ ಯಾರದೋ ಚಿನ್ನ ಕರಗಿ ಕುದಿಯುತ್ತಿತ್ತು. ಮಾನಪ್ಪ ಹೋಗಿ ಹಿತ್ತಾಳೆಯ ಓಲೆ ಅವನ ಅಂಗೈಗಿಟ್ಟ. ಇದ್ರೀಸ್ ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತು. ಇದು ನಮ್ಮೂರ ಪೇಟೆಯ ಹಾಜಿ ಯಾಕೂಬನದು, ಕೊಂಡಿಯ ಮೇಲೆ ಹೀಗೆ ಗುಂಡಿಡುವವನು ಅವನೊಬ್ಬನೇ, ಊರಲ್ಲಿ ಹುಟ್ಟಿದ ಪ್ರತಿ ಹೆಣ್ಣಿಗೂ ಇದನ್ನು ಅವನೇ ಮಾಡುತ್ತಾನೆ, ನನ್ನ ತಾಯಿಯದೂ ಅವನದೇ ಎಂದು ಒಂದೇ ಉಸಿರಿಗೆ ಹೇಳಿದ. ಆಮೇಲೆ ಓಲೆಯನ್ನು ಬೆಳಕಿಗೆ ಹಿಡಿದು ನೋಡಿ, ತಲೆ ಆಡಿಸಿ ಮಾನಪ್ಪನಿಗೆ ತಿರುಗಿ ಕೊಟ್ಟ. ನಿನಗೆ ಸರಿಯಾಗಿ ಮಾಡಲು ಬಂದಿಲ್ಲ, ಯಾಕೂಬನ ಓಲೆ ದುಂಡಗಿರುತ್ತದೆ ಎಂದ. ನಿನ್ನ ಹೆಂಡತಿಯ ರೊಟ್ಟಿಯಷ್ಟು ದುಂಡಗೆ.

ಇಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಕಾಳಪ್ಪನ ಮಗನಿಗೆ ಕೆಲಸ ಬರುವುದಿಲ್ಲ ಎಂದರೆ ಹೇಗೆ? ನಾನು ಇದ್ದದ್ದನ್ನು ಇದ್ದಹಾಗೆ ಮಾಡಿದ್ದೇನೆ, ಬಾ ತೋರಿಸುತ್ತೇನೆ ಎಂದು ಮಾನಪ್ಪ ಅವನ ತೋಳು ಹಿಡಿದು ತನ್ನ ಮೇಜಿಗೆ ಎಳೆದುಕೊಂಡು ಬಂದ. ಚೀಲದ ಬಾಯಿ ಬಿಚ್ಚಿ ಸುರಿದ.

ಮುನ್ನೂರಕ್ಕೂ ಹೆಚ್ಚು ಓಲೆಗಳಿದ್ದವು. ಇದ್ರೀಸ್ ಒಂದನ್ನು ಎತ್ತಿಕೊಂಡ. ಎರಡೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅದನ್ನು ದುಂಡಗೆ ಮಾಡಲು ನೋಡಿದ. ಅದನ್ನಿಟ್ಟು ಇನ್ನೊಂದನ್ನು ಎತ್ತಿಕೊಂಡ. ಕೊಂಡಿ ಹಾಕಿಯೇ ಇತ್ತು. ಮತ್ತೊಂದು. ಅದರದ್ದೂ ಹಾಕಿಯೇ ಇತ್ತು. ಆಗ ಮಾನಪ್ಪ ಮೊದಲ ಸಲ ಬೆಸುಗೆ ಬಿಟ್ಟು ಕೊಂಡಿ ನೋಡಿದ. ಒಂದಾದರೂ ಬಿಚ್ಚಿರಲಿಲ್ಲ. ಬಿಚ್ಚದೆ ಓಲೆ ಕಿವಿಯಿಂದ ಹೊರಗೆ ಬರಬೇಕಾದರೆ ಒಂದೇ ದಾರಿ. ಬೆರಳು ತೂರಿಸಿ ಕೆಳಕ್ಕೆ ಜಗ್ಗಬೇಕು, ಕಿವಿ ಹರಿಯುವ ತನಕ. ಒಳ್ಳೆಯ ಚಿನ್ನ ಮೆತ್ತಗಿರುತ್ತದೆ, ಜಗ್ಗಿದರೆ ಉದ್ದವಾಗುತ್ತದೆ. ಕೆಳಗಿನ ಪದರಿನಲ್ಲಿ ಸಣ್ಣವೂ ಇದ್ದವು, ನಾಲ್ಕೈದು ವರ್ಷದ ಮಕ್ಕಳ ಅಳತೆಯವು. ಒಂದರ ಕೊಂಡಿಗೆ ಒಣಗಿದ ಚರ್ಮದ ಎಳೆಯೊಂದು ಅಂಟಿಕೊಂಡಿತ್ತು.

ಮಾನಪ್ಪನ ಕಣ್ಣ ಮುಂದೆ ಅಮೀನಗಡ ಬಂತು. ಕಾಳಪ್ಪ ಮಾಡಿದ ಒಡವೆಯೆಲ್ಲ, ಅಷ್ಟೂ ಓಣಿಯ ಅಷ್ಟೂ ಹೆಂಗಸರ ಕಿವಿ ಮೂಗಿನಲ್ಲಿದ್ದದ್ದೆಲ್ಲ, ಒಂದೇ ದಿನ ಒಂದೇ ಚೀಲದಲ್ಲಿ ಬಂತೆಂದರೆ ಅಮೀನಗಡದಲ್ಲಿ ಏನಾಗಿದ್ದಿರಬೇಕು? ಅದನ್ನು ಯೋಚಿಸಲು ಯಂತ್ರ ಬೇಕಿರಲಿಲ್ಲ. ಅಂಟುವಾಳದ ನೀರು ಎರಡೆರಡು ಸಲ ಕಂದಾದದ್ದು ಧೂಳಿನಿಂದಲ್ಲ.

ಎಷ್ಟು ಚೀಲ ಎಂದು ಇದ್ರೀಸ್ ಕೇಳಿದ. ಇದು ನಾಲ್ಕನೆಯದು ಎಂದ ಮಾನಪ್ಪ. ಉಳಿದ ಮೂರು?

“ನಾ ಕತ್ತರಿಸಿದೆ,” ಎಂದ ಮಾನಪ್ಪ, ಹಿಂದಿಯಲ್ಲಿ. “ನೀ ಕರಗಿಸಿದಿ.”

ಮೊದಲ ಏಟು ದವಡೆಗೆ ಬಿತ್ತು. ಎರಡನೆಯದಕ್ಕೆ ಮಾನಪ್ಪನ ಕನ್ನಡಕ ಒಡೆದು ಗಾಜು ಹುಬ್ಬಿಗೆ ಚುಚ್ಚಿತು. ಕುರ್ಚಿ ಉರುಳಿತು, ಅವನೂ ಉರುಳಿದ. ಇದ್ರೀಸ್ ಅವನ ಎದೆಯ ಮೇಲೆ ಮೊಣಕಾಲೂರಿ ಕೂತ. ನೀನು ಪತ್ತಾರ, ನಿನಗೆ ಕಣ್ಣಿತ್ತು, ನೀನು ನೋಡಿದೆ, ಹಾಗಿದ್ದೂ ನನ್ನ ಕೈಯಲ್ಲಿ ಮಾಡಿಸಿದೆ ಎಂದು ಅರಬ್ಬಿಯಲ್ಲಿ ಅರಚುತ್ತಿದ್ದ. ಮಾನಪ್ಪನ ತಲೆಯನ್ನು ನೆಲಕ್ಕೆ ಜಜ್ಜಿದ, ಒಂದು ಸಲ, ಎರಡು ಸಲ. ಆಮೇಲೆ ಅವನ ಎಡಗಿವಿಯ ಒಂಟಿಗೆ ತೋರುಬೆರಳು ತೂರಿಸಿದ.

“ಹೀಗೆ,” ಅಂದ. “ಹೀಗೆ ತೆಗೆದರು.” ಜಗ್ಗಿದ.

ಕಿವಿ ಹರಿಯುವಾಗ ಸದ್ದಾಗುತ್ತದೆ. ಹಳೆಯ ಬಟ್ಟೆ ಹರಿದಂತೆ, ತಲೆಯ ಒಳಗಿನಿಂದಲೇ ಕೇಳಿಸುತ್ತದೆ. ಮಾನಪ್ಪ ಕೂಗಿದ್ದು ಕೆಳಗಿನ ಮೊಬೈಲು ಅಂಗಡಿಗೂ ಕೇಳಿಸಿತು. ಇದ್ರೀಸ್ ಎದ್ದು ಒಳಕೋಣೆಗೆ ಓಡಿ, ಇಕ್ಕಳದಲ್ಲಿ ಮೂಸೆ ಎತ್ತಿ ಗೋಡೆಗೆ ಬಡಿದ. ಕುದಿಯುವ ಚಿನ್ನ ಸಿಡಿದು ಅವನ ಮುಂಗೈಯನ್ನೇ ಸುಟ್ಟಿತು. ಅದರ ಪರಿವೆ ಅವನಿಗಿರಲಿಲ್ಲ. ಅಷ್ಟರಲ್ಲಿ ಕಟ್ಟಡದ ಕಾವಲಿನವರು ಇಬ್ಬರು ನುಗ್ಗಿ ಬಂದು ಅವನನ್ನು ಕೆಡವಿದರು. ಬಿದ್ದವನನ್ನು ಬೂಟುಗಾಲಿನಲ್ಲಿ ಒದ್ದರು, ಪಕ್ಕೆಗೆ, ಬೆನ್ನಿಗೆ, ಬಾಯಿಗೆ. ಸಾಕು ಬಿಡಿ ಎಂದು ಮಾನಪ್ಪ ಹೇಳುತ್ತಿದ್ದ, ಅವನ ಮಾತು ಅವರಿಗೆ ಮುಟ್ಟಲಿಲ್ಲ. ಎರಡು ಹಲ್ಲು ನೆಲಕ್ಕೆ ಬಿದ್ದ ಮೇಲೆ ನಿಲ್ಲಿಸಿದರು. ಪೆಟ್ಟಿಗೆಗಳಿಗೆ ಬಿಗಿಯುವ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಅವನ ಕೈ ಹಿಂದಕ್ಕೆ ಕಟ್ಟಿದರು.

ಮ್ಯಾನೇಜರ್ ಪಾಯ್ಸ್ ಬಂದದ್ದು ಆಗ. ಮಂಗಳೂರಿನವರು, ಮೆದು ಮಾತಿನವರು, ಎಂಟು ವರ್ಷದಲ್ಲಿ ಯಾರಿಗೂ ಗದರಿದವರಲ್ಲ. ಮೇಜಿನ ಮೇಲೆ ಹರಡಿದ ಓಲೆಗಳನ್ನು ನೋಡಿದರು, ಗೋಡೆಯ ಮೇಲೆ ಗಟ್ಟಿಯಾಗುತ್ತಿದ್ದ ಚಿನ್ನ ನೋಡಿದರು. ಬಾಗಿಲು ಹಾಕಿದರು. ತಮ್ಮ ಕರವಸ್ತ್ರವನ್ನೇ ಮಾನಪ್ಪನ ಕಿವಿಗೆ ಒತ್ತಿ ಹಿಡಿದು ಅವನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು.

“ನೋಡಿ ಪತ್ತಾರ್ರೆ, ಕೆಳಗಿನವರು ಪೊಲೀಸಿಗೆ ಫೋನ್ ಮಾಡಿ ಆಗಿದೆ. ಅವ ಚಿನ್ನ ಹಿಡ್ಕೊಂಡು ಓಡ್ಲಿಕ್ಕೆ ಹೊರಟ, ನೀವು ತಡೆದ್ರಿ, ಹೊಡೆದ. ಅಷ್ಟೇ. ಬೇರೆ ಎಂತದೂ ಹೇಳುದು ಬೇಡ.” ಜೇಬಿನಿಂದ ಆ ಕಾಗದ ತೆಗೆದರು. ನಾಲ್ಕನೆಯ ಚೀಲದ್ದು. “ಇದಕ್ಕೊಂದು ಸೈನ್ ಹಾಕಿ ಬಿಡಿ. ಮಗಳ ಪರೀಕ್ಷೆಗೆ ಇನ್ನು ಎಷ್ಟು ದಿನ ಉಂಟು? ವೀಸಾ ಹೋದ್ರೆ ಅವಳಿಗೆ ಪರೀಕ್ಷೆ ಎಲ್ಲಿ? ನಂಗೂ ಮಕ್ಕಳುಂಟು ಮಾರಾಯ್ರೆ. ಊರು ಹಾಳು ಮಾಡಿದ್ದು ನಾವಲ್ಲ.”

ಓಡಲು ಹೊರಟ ಅನ್ನುವುದೊಂದು ಬಿಟ್ಟರೆ ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವರಿಬ್ಬರೂ ಯಾರ ಊರನ್ನೂ ಹಾಳು ಮಾಡಿರಲಿಲ್ಲ. ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಮಾನಪ್ಪ ಪೆನ್ನು ತೆಗೆದುಕೊಂಡ, ಆ ಸಂಗತಿಯನ್ನು ಮುಚ್ಚಿಡುವುದು ಬೇಡ. ಇಪ್ಪತ್ತೆರಡು ವರ್ಷ ಹಾಕಿದ ಸಹಿ, ಕೈ ತಾನಾಗಿಯೇ ಕಾಗದದ ಕಡೆಗೆ ಹೊರಟಿತು. ಗಲ್ಲದಿಂದ ಇಳಿದ ರಕ್ತ ಕಾಗದದ ಮೇಲೆ ತೊಟ್ಟಿಕ್ಕಿತು, ‘ಸ್ವಂತ ಇಚ್ಛೆಯಿಂದ’ ಎಂಬ ಸಾಲಿನ ಹತ್ತಿರ. ಪಾಯ್ಸ್ ಅದನ್ನು ಕರವಸ್ತ್ರದ ತುದಿಯಿಂದ ಒರೆಸಲು ಹೋದರು.

ಆಗ ಮಾನಪ್ಪನಿಗೆ ತನ್ನ ಒಂಟಿ ನೆನಪಾಯಿತು. ಅಪ್ಪನ ಕೈಯದು, ಅದನ್ನು ಬಿಟ್ಟು ಹೋಗಲಾಗದು. ನೆಲದ ಮೇಲೆ ತಡಕಿದ, ಸಿಗಲಿಲ್ಲ. ಮಂಡಿಯೂರಿಕೊಂಡು ಇದ್ರೀಸ್ ಬಿದ್ದಲ್ಲಿಗೆ ಹೋದ. ಬೆನ್ನ ಹಿಂದೆ ಕಟ್ಟಿದ ಅವನ ಬಲಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಒಂದೊಂದೇ ಬೆರಳು ಬಿಡಿಸಿದ. ಸುಟ್ಟ ಕೈ, ಬೆರಳು ಬಿಡಿಸುವಾಗ ಇದ್ರೀಸ್ ನರಳಿದ. ಒಂಟಿ ಅಲ್ಲಿತ್ತು. ಕೊಂಡಿ ಹಾಕಿಯೇ ಇತ್ತು. ನಲವತ್ತು ವರ್ಷ ದುಂಡಗಿದ್ದದ್ದು ಬೇವಿನಕಾಯಿಯ ಹಾಗೆ ಉದ್ದವಾಗಿತ್ತು.

ಮಾನಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಪೆನ್ನನ್ನು ಪಾಯ್ಸ್ ಅವರ ಕೈಗೆ ತಿರುಗಿ ಕೊಟ್ಟ.

“ಈ ಸಹಿ ನನ್ನ ಕೈಲೆ ಆಗಂಗಿಲ್ರಿ, ಪಾಯ್ಸ್ ಅವರ,” ಅಂದ.

ಮುಂದೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ, ಅದರಲ್ಲಿ ಅಂಥ ಕುತೂಹಲವೇನಿಲ್ಲ. ಅಂಗಡಿಯ ಬಾಗಿಲಿಗೆ ಬೀಗ ಬಿತ್ತು. ಎರಡು ತಿಂಗಳ ಮೇಲೆ ಅದೇ ಓಣಿಯಲ್ಲಿ ಬೇರೆ ಹೆಸರಿನ ಫಲಕ ಹಾಕಿಕೊಂಡು ಬಾಗಿಲು ತೆರೆಯಿತು, ಬೇರೆ ಪರೀಕ್ಷಕನೊಂದಿಗೆ. ಅಲ್ಲೂ ಅದೇ ಕಾಗದ. ಮಾನಪ್ಪನ ವೀಸಾ ಹೋಯಿತು. ನಿವೇದಿತಾ ಅಲ್ ರೀಮ್ ಐಲ್ಯಾಂಡಿನಲ್ಲಿ ಗೆಳತಿಯ ತಾಯಿ ಬಿಂದು ಅವರ ಮನೆಯಲ್ಲಿದ್ದುಕೊಂಡು ಪರೀಕ್ಷೆ ಬರೆದಳು. ಭಾಷಣಕ್ಕೆ ಸಿಕ್ಕ ಕಪ್ಪನ್ನು ಊರಿಗೆ ಕಟ್ಟಿದ ಸಾಮಾನಿನಲ್ಲಿ ಹಾಕಲು ನೀಲವ್ವ ಹೋದಾಗ, ಅದು ಬೇಡಮ್ಮಾ ಎಂದಳು. ಚೀಲ ತರುತ್ತಿದ್ದ ಅತ್ತರಿನ ಮನುಷ್ಯ ಆ ದಿನದಿಂದ ಈ ದಿನದವರೆಗೆ ಸಿಕ್ಕಿಲ್ಲ.

ಆದರೆ ಆ ದಿನ ಠಾಣೆಯಲ್ಲಿ ನಡೆದದ್ದು ಇದು. ಎದುರಿಗೆ ಒಬ್ಬ ಯುವ ಅಧಿಕಾರಿ, ಪಕ್ಕದಲ್ಲಿ ಹಿಂದಿ ಬಲ್ಲ ಇನ್ನೊಬ್ಬ ಪೊಲೀಸ್. ಕಿವಿ ಹೇಗೆ ಹರಿಯಿತು ಎಂದು ಕೇಳಿದರು. ಜಪ್ತಿ ಮಾಡಿ ತಂದ ಚೀಲ ಬಿಚ್ಚಲು ಮಾನಪ್ಪ ಕೇಳಿಕೊಂಡ. ಓಲೆಗಳನ್ನು ಮೇಜಿನ ಮೇಲೆ ಸುರಿದ ಮೇಲೆ ಅವುಗಳ ಪಕ್ಕಕ್ಕೆ ರಕ್ತ ಒಣಗಿದ ತನ್ನ ಒಂಟಿಯನ್ನು ಇಟ್ಟ.

“ಸಾಹೇಬ್ರ, ಇದು ಮುಂಜಾನೆತನಕ ದುಂಡಗಿತ್ತು,” ಎಂದ. “ಇವೂ ದುಂಡಗಿದ್ದವು.”

ಅಧಿಕಾರಿ ಒಂಟಿಯನ್ನು ಎತ್ತಿ ಕೊಂಡಿ ನೋಡಿದ. ಒಂದು ಓಲೆ ಎತ್ತಿ ಕೊಂಡಿ ನೋಡಿದ. ಸಣ್ಣದೊಂದನ್ನು ಎತ್ತಿ ನೋಡಿ, ಮೆಲ್ಲಗೆ ಒಂಟಿಯ ಪಕ್ಕಕ್ಕೇ ಇಟ್ಟ. ಕಿವಿಯ ವಿಷಯದಲ್ಲಿ ನನ್ನ ದೂರಿಲ್ಲ ಎಂದು ಬರೆದುಕೊಳ್ಳಿ ಎಂದ ಮಾನಪ್ಪ. ಅದರ ಬೆನ್ನಿಗೇ, ಇಂಥವೇ ಇನ್ನೂ ಮೂರು ಚೀಲ ಬಂದಿದ್ದವು, ನಾನೇ ತೊಳೆದು ಕತ್ತರಿಸಿ ಸಹಿ ಹಾಕಿದ್ದೇನೆ, ಅದನ್ನೂ ಬರೆದುಕೊಳ್ಳಿ ಎಂದ. ಹಿಂದಿ ಬಲ್ಲ ಪೊಲೀಸ್ ಅದನ್ನು ಅಧಿಕಾರಿಗೆ ಅರಬ್ಬಿಯಲ್ಲಿ ಹೇಳದೆ ಇವನ ಕಡೆ ಬಾಗಿದ. ನೀನು ಅದನ್ನು ಹೇಳಬೇಕಾಗಿಲ್ಲ, ಹೇಳಿದರೆ ನಿನಗೇ ತೊಂದರೆ, ಅವು ಕರಗಿ ಹೋಗಿವೆ, ಕಾಗದಗಳೂ ಸರಿಯಾಗಿಯೇ ಇವೆ ಎಂದು ಮೆಲ್ಲಗೆ ಹೇಳಿದ.

ಕಾಗದಗಳು ಸರಿಯೇ ಇರುತ್ತವೆ ಎಂದ ಮಾನಪ್ಪ. ನನ್ನ ಮೇಜಿನ ಎರಡನೆಯ ಖಾನೆಯಲ್ಲಿ ಬಿಸ್ಕತ್ತಿನ ಡಬ್ಬಿ ಇದೆ, ತರಿಸಿ, ಇವೆಲ್ಲ ಇದ್ರೀಸನ ಊರಿನವು, ಅವನ ತಾಯಿಯ ಓಲೆಯೂ ಇಂಥದ್ದೇ ಎಂದ.

ಡಬ್ಬಿ ಬರುವ ಹೊತ್ತಿಗೆ ಇದ್ರೀಸನನ್ನೂ ಕರೆತಂದಿದ್ದರು. ಕೈಗೆ ಬ್ಯಾಂಡೇಜು, ತುಟಿ ಬದನೆಕಾಯಿಯಂತೆ ಊದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಅವನು ಮಾನಪ್ಪನ ಕಡೆ ನೋಡಲಿಲ್ಲ. ಅಧಿಕಾರಿ ಡಬ್ಬಿಯ ಮುಚ್ಚಳ ತೆಗೆದು ಬಿಳಿ ಹಾಳೆಯ ಮೇಲೆ ಬಗ್ಗಿಸಿದ. ಮಣಿಗಳು ಸುರಿದವು. ಮೂರು ಚೀಲದಿಂದ ಬಿಡಿಸಿದ್ದು, ಬೆಂಕಿಗೆ ಹೋಗದೆ ಉಳಿದದ್ದು ಅಷ್ಟೇ.

ಇದ್ರೀಸ್ ಹಾಳೆಯ ಮೇಲೆ ಬಗ್ಗಿದ. ಅಧಿಕಾರಿ ತನ್ನ ಕುರ್ಚಿಯನ್ನೇ ಅವನ ಕಡೆಗೆ ಸರಿಸಿದ. ನಿನ್ನ ತಾಯಿಯ ಓಲೆಗೂ ಇಂಥ ಮಣಿ ಇತ್ತೇ ಎಂದು ಅರಬ್ಬಿಯಲ್ಲಿ ಮೆಲ್ಲಗೆ ಕೇಳಿದ. ಇತ್ತು ಎಂದು ಇದ್ರೀಸ್ ತಲೆಯಾಡಿಸಿದ. ಇದರಲ್ಲಿ ಗುರುತು ಹಿಡಿಯಬಲ್ಲೆಯಾ?

ಇದ್ರೀಸ್ ಸುಡದ ಕೈಯಿಂದ ಮಣಿಗಳನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಒತ್ತಿ, ಎತ್ತಿ, ಬೆಳಕಿಗೆ ಹಿಡಿದು, ಪಕ್ಕಕ್ಕಿಟ್ಟ. ಹತ್ತು ನೋಡಿದ, ಇಪ್ಪತ್ತು ನೋಡಿದ. ಯಾರೂ ಅವಸರ ಮಾಡಲಿಲ್ಲ. ಮಾನಪ್ಪ ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತು, ಜೇಬಿನಿಂದ ಹಿತ್ತಾಳೆಯ ಓಲೆಗಳನ್ನು ತೆಗೆದು, ಆ ಎರಡು ಮಣಿಗಳನ್ನೂ ಬಿಡಿಸಿ ರಾಶಿಗೆ ಹಾಕಿದ. ಇದ್ರೀಸ್ ಅವನ್ನೂ ನೋಡಿದ. ಕೊನೆಗೆ ಅಂಗೈಯನ್ನು ರಾಶಿಯ ಮೇಲಿಟ್ಟು, ಅಷ್ಟನ್ನೂ ತನ್ನ ಹತ್ತಿರಕ್ಕೆ ಎಳೆದುಕೊಂಡ.

“ಹುಟ್ಟಿದ ಹೆಣ್ಣಿಗೆಲ್ಲ ನಮ್ಮೂರಲ್ಲಿ ಇದೇ ಮಣಿ ಕಟ್ಟುತ್ತಾರೆ,” ಎಂದ. “ದೃಷ್ಟಿ ತಾಗದಿರಲಿ ಎಂದು. ಎಲ್ಲವೂ ನೀಲಿ.”